ಹತ್ತು ಮೀಟರ್ ದೂರದಲ್ಲಿ ಬೆಟ್ಟದ ಗೊರಿಲ್ಲಾ

ಬೆಟ್ಟದ ಗೊರಿಲ್ಲಾ ಬದುಕಿರುವ ನೆಲೆಗಳು ಇಡೀ ಭೂಮಿಯಲ್ಲಿ ಎರಡೇ. ಒಂದು, ರುವಾಂಡಾ, ಉಗಾಂಡಾ ಮತ್ತು ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯಗಳ ಗಡಿ ಕೂಡುವಲ್ಲಿ ಎದ್ದು ನಿಂತಿರುವ ವಿರುಂಗಾ ಜ್ವಾಲಾಮುಖಿಗಳ ಸಾಲು. ಇನ್ನೊಂದು, ಅಲ್ಲಿಂದ ಸ್ವಲ್ಪವೇ ಉತ್ತರಕ್ಕೆ, ಉಗಾಂಡಾದ ನೈರುತ್ಯ ಮೂಲೆಯಲ್ಲಿರುವ ಬ್ವಿಂಡಿ ಕಾಡು. ಜಗತ್ತಿನ ಯಾವ ಮೃಗಾಲಯದಲ್ಲೂ ಈ ಪ್ರಾಣಿ ಇಲ್ಲ. ಮೃಗಾಲಯಗಳಲ್ಲಿ ಕಾಣುವುದು ತಗ್ಗುಪ್ರದೇಶದ ಗೊರಿಲ್ಲಾಗಳು. ಆದ್ದರಿಂದ ಇದನ್ನು ನೋಡಬೇಕೆನ್ನುವವರು ಅದು ಇರುವ ಬೆಟ್ಟವನ್ನೇ ಹತ್ತಬೇಕು. ಹತ್ತಿದ ಮೇಲೆ ಸಿಗುವ ಅನುಭವಕ್ಕೆ ವನ್ಯಜೀವಿ ಪ್ರವಾಸದಲ್ಲಿ ಸಾಟಿ ಕಡಿಮೆ. ನಡುವೆ ಬೇಲಿಯಿಲ್ಲ, ವಾಹನವಿಲ್ಲ. ಮನುಷ್ಯನ ಎರಡರಷ್ಟೋ ಮೂರರಷ್ಟೋ ತೂಕದ ಕಾಡುಪ್ರಾಣಿಯೊಂದು ಕೆಲವೇ ಮೀಟರ್ ದೂರದಲ್ಲಿ ಕುಳಿತು ಸೊಪ್ಪು ತಿನ್ನುತ್ತಿರುತ್ತದೆ. ಅದು ತಲೆಯೆತ್ತಿ ನೋಡಿದಾಗ ಆ ಕಣ್ಣುಗಳಲ್ಲಿ ಕಾಣುವುದು ಹುಲಿಯ ಅಥವಾ ಆನೆಯ ನೋಟವಲ್ಲ, ಬಲುಮಟ್ಟಿಗೆ ಮನುಷ್ಯನದೇ ನೋಟ.

ಬಂಡೀಪುರ, ಕಬಿನಿಗಳಲ್ಲಿ ಸಫಾರಿಗೆ ಹೋದವರಿಗೆ ಜೀಪಿನಿಂದ ಕೆಳಗಿಳಿಯುವಂತಿಲ್ಲ ಎಂಬುದು ಮೊದಲ ಪಾಠ. ಗೊರಿಲ್ಲಾ ಕಾಡಿನಲ್ಲಿ ಜೀಪು ಹೋಗುವ ದಾರಿಯೇ ಇಲ್ಲ. ಬ್ವಿಂಡಿಯ ಇಳಿಜಾರುಗಳು ಎಷ್ಟು ಕಡಿದು, ಅದರ ಬಳ್ಳಿ ಹೊದರುಗಳು ಎಷ್ಟು ದಟ್ಟವೆಂದರೆ, ‘ಅಭೇದ್ಯ ಅರಣ್ಯ’ ಎಂಬುದು ಆ ರಾಷ್ಟ್ರೀಯ ಉದ್ಯಾನದ ಅಧಿಕೃತ ಹೆಸರಿನಲ್ಲೇ ಸೇರಿದೆ. ಅಲ್ಲಿ ಕಾಲ್ನಡಿಗೆಯೊಂದೇ ದಾರಿ. ವಾಹನದೊಳಗೆ ಕುಳಿತವರಿಗೆ ಸಿಗುವ ರಕ್ಷಣೆ ಅಲ್ಲಿ ನಡೆದು ಹೋದವರಿಗೆ ಇಲ್ಲ. ಆದರೂ ನಾಲ್ಕು ದಶಕಗಳಿಂದ ಸಾವಿರಾರು ಜನ ಹೋಗಿ ಸುರಕ್ಷಿತವಾಗಿ ಮರಳುತ್ತಿದ್ದಾರೆ. ಇದು ಅದೃಷ್ಟದಿಂದ ಆದದ್ದಲ್ಲ. ಈ ಭೇಟಿಯ ಹಿಂದೆ ವರ್ಷಗಟ್ಟಲೆ ಬೆವರು ಸುರಿಸಿದ ಜನರಿದ್ದಾರೆ, ಅನುಭವದಿಂದ ಕಲಿತು ಕಟ್ಟಿದ ನಿಯಮಗಳಿವೆ. ಇನ್ನೊಂದು ಸಂಗತಿಯೂ ಇದೆ: ಇಂಥ ಭೇಟಿಯಲ್ಲಿ ಹೆಚ್ಚಿನ ಅಪಾಯ ಮನುಷ್ಯನಿಗಲ್ಲ, ಗೊರಿಲ್ಲಾಗೆ.

ಪ್ರಾಣಿಯ ಪರಿಚಯ ಮೊದಲು. ಬೆಟ್ಟದ ಗೊರಿಲ್ಲಾ ಪೂರ್ವ ಗೊರಿಲ್ಲಾ ಪ್ರಭೇದದ ಒಂದು ಉಪಜಾತಿ. ಸಮುದ್ರಮಟ್ಟದಿಂದ ಸುಮಾರು 2,500ರಿಂದ 4,000 ಮೀಟರ್ ಎತ್ತರದವರೆಗಿನ ಚಳಿ ಮತ್ತು ಮಂಜಿನ ಕಾಡುಗಳಲ್ಲಿ ಅದರ ವಾಸ. ಬ್ವಿಂಡಿಯಲ್ಲಿ ಇನ್ನೂ ಕೆಳಗೂ ಸಿಗುತ್ತದೆ. ಚಳಿಗೆ ತಕ್ಕಂತೆ ಮೈಮೇಲಿನ ಕೂದಲು ಉದ್ದ ಮತ್ತು ಒತ್ತು. ಪ್ರಾಯದ ಗಂಡಿನ ತೂಕ ಸುಮಾರು 160ರಿಂದ 200 ಕಿಲೋ, ಹೆಣ್ಣಿನದು ಅದರ ಅರ್ಧದಷ್ಟು. ಹನ್ನೆರಡು ಹದಿಮೂರು ವರ್ಷ ದಾಟಿದ ಗಂಡಿನ ಬೆನ್ನು ಬೆಳ್ಳಗಾಗುತ್ತದೆ. ಈ ಬೆಳ್ಳಿಬೆನ್ನಿನ ಗಂಡನ್ನು ಎಲ್ಲೆಡೆ ‘ಸಿಲ್ವರ್‌ಬ್ಯಾಕ್’ ಎಂದೇ ಕರೆಯುತ್ತಾರೆ. ಗುಂಪು ಯಾವ ಕಡೆಗೆ ಸಾಗಬೇಕು, ಎಲ್ಲಿ ತಂಗಬೇಕು, ಯಾವಾಗ ಏಳಬೇಕು ಎಂಬುದೆಲ್ಲ ಅದರ ತೀರ್ಮಾನ. ಹತ್ತರ ಆಸುಪಾಸಿನ ಗುಂಪುಗಳು ಸಾಮಾನ್ಯವಾದರೂ ಅಪರೂಪಕ್ಕೆ ಬಹಳ ದೊಡ್ಡವೂ ಆಗುತ್ತವೆ. ಪಾಬ್ಲೊ ಎಂಬ ಗಂಡಿನ ಹೆಸರಿನ ರುವಾಂಡಾದ ಗುಂಪಿನಲ್ಲಿ 2006ರಲ್ಲಿ 65 ಗೊರಿಲ್ಲಾಗಳಿದ್ದವು.

ಇಷ್ಟು ದೊಡ್ಡ ಮೈಯನ್ನು ಪೋಷಿಸುವುದು ಸೊಪ್ಪು. ಕಾಡು ಸೆಲರಿ, ಗೇಲಿಯಂ ಬಳ್ಳಿ, ಮುಳ್ಳಿನ ಥಿಸಲ್, ಮುಟ್ಟಿದರೆ ಮೈ ಉರಿಯುವ ತುರಚೆ ಗಿಡ, ಮಳೆಗಾಲದಲ್ಲಿ ಎಳೆಯ ಕಳಲೆ, ಇವೇ ಮುಖ್ಯ ಆಹಾರ. ಪ್ರಾಯದ ಗಂಡು ದಿನಕ್ಕೆ ಇಪ್ಪತ್ತು ಕಿಲೋಗೂ ಹೆಚ್ಚು ಸೊಪ್ಪು ಸದೆ ತಿನ್ನಬಲ್ಲದು. ಆಹಾರದಲ್ಲೇ ನೀರಿನಂಶ ತುಂಬಿರುವುದರಿಂದ ನೀರು ಕುಡಿಯುವುದು ಅಪರೂಪ. ಸಂಜೆಯಾದರೆ ಪ್ರತಿಯೊಂದೂ ಟೊಂಗೆ ಎಲೆಗಳನ್ನು ಬಾಗಿಸಿ ತನಗೊಂದು ಹೊಸ ಹಾಸಿಗೆ ಮಾಡಿಕೊಳ್ಳುತ್ತದೆ. ಮರಿಗಳು ಮಾತ್ರ ತಾಯಿಯ ಜೊತೆ ಮಲಗುತ್ತವೆ. ಹೆಣ್ಣು ಎಂಟೂವರೆ ತಿಂಗಳು ಗರ್ಭ ಹೊರುತ್ತದೆ, ಸಾಮಾನ್ಯವಾಗಿ ನಾಲ್ಕು ವರ್ಷಕ್ಕೊಂದು ಮರಿ ಹಾಕುತ್ತದೆ. ಸಂತತಿ ಇಷ್ಟು ನಿಧಾನವಾಗಿ ಬೆಳೆಯುವುದರಿಂದ, ಒಂದು ಹೆಣ್ಣು ಬೇಟೆಗಾರನ ಉರುಳಿಗೆ ಸಿಕ್ಕು ಸತ್ತರೆ ಆ ನಷ್ಟ ಬೇಗ ತುಂಬುವುದಿಲ್ಲ.

ಇಂಥ ಶಾಂತ ಸಸ್ಯಾಹಾರಿಗೆ ನರಭಯಂಕರ ಎಂಬ ಹೆಸರು ಬಂದದ್ದು ಬೇಟೆಗಾರರಿಂದ. ಹತ್ತೊಂಬತ್ತನೇ ಶತಮಾನದಲ್ಲಿ ಪಶ್ಚಿಮ ಆಫ್ರಿಕಾದ ಗೊರಿಲ್ಲಾಗಳನ್ನು ಕೊಂದು ತಂದ ಪೌಲ್ ದು ಶಾಯು 1861ರಲ್ಲಿ ಪ್ರಕಟಿಸಿದ ಪ್ರವಾಸಕಥನದಲ್ಲಿ ಈ ಪ್ರಾಣಿ ರಾಕ್ಷಸನಂತೆ ಕಾಣಿಸಿಕೊಂಡಿತು. ಬೆಟ್ಟದ ಗೊರಿಲ್ಲಾ ವಿಜ್ಞಾನದ ಕಣ್ಣಿಗೆ ಬಿದ್ದದ್ದು 1902ರಲ್ಲಿ. ಜರ್ಮನ್ ಸೇನಾಧಿಕಾರಿ ರಾಬರ್ಟ್ ಫಾನ್ ಬೆರಿಂಗೆ ವಿರುಂಗಾದ ಸಬಿನ್ಯೊ ಪರ್ವತದಲ್ಲಿ ಎರಡನ್ನು ಗುಂಡಿಟ್ಟು ಕೊಂದ. ಅವನ ಹೆಸರೇ ಪ್ರಾಣಿಯ ವೈಜ್ಞಾನಿಕ ಹೆಸರಿಗೆ ಸೇರಿತು. 1933ರಲ್ಲಿ ತೆರೆಗೆ ಬಂದ ‘ಕಿಂಗ್ ಕಾಂಗ್’ ಚಿತ್ರ ಆ ಭಯವನ್ನು ಊರೂರಿಗೆ ಹರಡಿತು.

ತಿರುವು ಬಂದದ್ದೂ ಒಬ್ಬ ಬೇಟೆಗಾರನಿಂದಲೇ. ನ್ಯೂಯಾರ್ಕಿನ ಅಮೆರಿಕನ್ ಪ್ರಾಕೃತಿಕ ಇತಿಹಾಸ ಸಂಗ್ರಹಾಲಯಕ್ಕಾಗಿ 1921ರಲ್ಲಿ ವಿರುಂಗಾಕ್ಕೆ ಬಂದು ಗೊರಿಲ್ಲಾಗಳನ್ನು ಕೊಂದ ಕಾರ್ಲ್ ಏಕ್ಲಿ, ಮರಳುವಾಗ ಅವುಗಳ ರಕ್ಷಣೆಗೆ ಟೊಂಕಕಟ್ಟಿದ್ದ. ಬೆಲ್ಜಿಯಂ ದೊರೆ ಆಲ್ಬರ್ಟ್‌ನ ಮನವೊಲಿಸುವಲ್ಲಿ ಅವನ ಪಾತ್ರ ದೊಡ್ಡದು. 1925ರಲ್ಲಿ ಆಲ್ಬರ್ಟ್ ರಾಷ್ಟ್ರೀಯ ಉದ್ಯಾನ ಹುಟ್ಟಿತು. ಇಂದಿನ ಕಾಂಗೋದ ವಿರುಂಗಾ ಉದ್ಯಾನದ ಮೂಲ ಅದು. ಮರುವರ್ಷ ಮತ್ತೆ ಅಲ್ಲಿಗೆ ಬಂದ ಏಕ್ಲಿ ಕಾಯಿಲೆ ಬಿದ್ದು ಮಿಕೆನೊ ಪರ್ವತದ ಇಳಿಜಾರಿನಲ್ಲಿ ತೀರಿಕೊಂಡ. ಅವನನ್ನು ಅಲ್ಲಿಯೇ ಮಣ್ಣುಮಾಡಿದರು.

ಕೋವಿಯಿಲ್ಲದೆ ಗೊರಿಲ್ಲಾದ ಹತ್ತಿರ ಹೋಗಬಹುದೆಂದು ತೋರಿಸಿಕೊಟ್ಟವರು ಜಾರ್ಜ್ ಶಾಲರ್. 1959-60ರಲ್ಲಿ ಅವರು ವಿರುಂಗಾದಲ್ಲಿ ಗುಂಪುಗಳನ್ನು ಹಿಂಬಾಲಿಸಿದರು. ಪೊದೆಯಲ್ಲಿ ಅಡಗಿ ನೋಡುವ ಬದಲು ಒಬ್ಬರೇ ಹೋಗಿ, ಗೊರಿಲ್ಲಾಗಳಿಗೆ ಸ್ಪಷ್ಟವಾಗಿ ಕಾಣುವಂಥ ಜಾಗದಲ್ಲಿ ಸುಮ್ಮನೆ ಕುಳಿತುಕೊಳ್ಳುವುದು ಅವರ ಕ್ರಮ. ಅಡಗಿದವನು ಹಠಾತ್ತನೆ ಕಂಡರೆ ಪ್ರಾಣಿ ಬೆದರುತ್ತದೆ; ಮೊದಲೇ ಕಂಡವನು ಏನೂ ಮಾಡದೆ ಕುಳಿತಿದ್ದರೆ ಅದರ ಕುತೂಹಲ ಅಂಜಿಕೆಯನ್ನು ಮೀರುತ್ತದೆ. 1967ರಲ್ಲಿ ರುವಾಂಡಾದ ಕರಿಸಿಂಬಿ ಮತ್ತು ಬಿಸೋಕೆ ಪರ್ವತಗಳ ನಡುವೆ ಕರಿಸೋಕೆ ಸಂಶೋಧನಾ ಕೇಂದ್ರ ತೆರೆದ ಡಯಾನ್ ಫಾಸಿ ಈ ಕ್ರಮವನ್ನು ಇನ್ನೂ ಮುಂದಕ್ಕೆ ಒಯ್ದರು. ಗೊರಿಲ್ಲಾಗಳಂತೆಯೇ ಕೈಬೆರಳ ಗೆಣ್ಣುಗಳನ್ನೂರಿ ನಡೆದರು, ಸೆಲರಿಯ ದಂಟು ಕಚ್ಚಿದರು, ಮೈ ಕೆರೆದುಕೊಂಡರು, ತೃಪ್ತಿಯಿಂದ ಇರುವಾಗ ಅವು ಗಂಟಲಲ್ಲಿ ಹೊರಡಿಸುವ ಗುರುಗುಟ್ಟುವ ಸದ್ದನ್ನು ಕಲಿತರು. 1970ರಲ್ಲಿ ಪೀನಟ್ಸ್ ಎಂದು ಅವರು ಹೆಸರಿಟ್ಟಿದ್ದ ಎಳೆಯ ಗಂಡು ತಾನಾಗಿ ಕೈಚಾಚಿ ಅವರ ಕೈ ಮುಟ್ಟಿತು. 1979ರಲ್ಲಿ ಪ್ರಸಾರವಾದ ಬಿಬಿಸಿಯ ‘ಲೈಫ್ ಆನ್ ಅರ್ಥ್’ ಸರಣಿಯಲ್ಲಿ ಡೇವಿಡ್ ಅಟೆನ್‌ಬರೊ ಗೊರಿಲ್ಲಾಗಳ ನಡುವೆ ಮಲಗಿ ಮೆಲುದನಿಯಲ್ಲಿ ಮಾತಾಡಿದ ದೃಶ್ಯಕ್ಕೆ ಕರಿಸೋಕೆಯ ಈ ಸಹನೆಯ ಕೆಲಸವೇ ಬುನಾದಿ. ಅಂದು ಅವರ ಮೈಮೇಲೆ ಹತ್ತಿ ಆಡಿದ ಮರಿಗಳಲ್ಲಿ ಒಂದು, ಮುಂದೆ ಆ ದೊಡ್ಡ ಗುಂಪಿಗೆ ಹೆಸರಾದ ಪಾಬ್ಲೊ.

ಅದೇ ವರ್ಷಗಳಲ್ಲಿ ಬೆಟ್ಟದ ಗೊರಿಲ್ಲಾ ಅಳಿವಿನ ಅಂಚಿಗೆ ಬಂದಿತ್ತು. 1960ರ ಸುಮಾರಿಗೆ ವಿರುಂಗಾದಲ್ಲಿ ನಾನೂರು ಐನೂರರಷ್ಟು ಇದ್ದ ಸಂಖ್ಯೆ 1981ರ ಎಣಿಕೆಯಲ್ಲಿ ಸುಮಾರು 250ಕ್ಕೆ ಇಳಿಯಿತು. ಸೊಳ್ಳೆ ಮತ್ತು ಕೀಟಗಳನ್ನು ಕೊಲ್ಲುವ ಔಷಧಿಗೆ ಬೇಕಾದ ಪೈರೆಥ್ರಂ ಹೂವನ್ನು ಬೆಳೆಯಲು ರುವಾಂಡಾ ತನ್ನ ಉದ್ಯಾನದ ದೊಡ್ಡ ಪಾಲನ್ನು 1960ರ ದಶಕದ ಕೊನೆಯಲ್ಲಿ ಬಿಟ್ಟುಕೊಟ್ಟಿತ್ತು. ಉಳಿದ ಕಾಡಿನಲ್ಲಿ ಡೈಕರ್ ಎಂಬ ಚಿಕ್ಕ ಹುಲ್ಲೆಗಳಿಗೆ ಒಡ್ಡಿದ ಉರುಳುಗಳಿಗೆ ಗೊರಿಲ್ಲಾಗಳ ಕೈಕಾಲು ಸಿಕ್ಕುತ್ತಿದ್ದವು. 1977ರ ಕೊನೆಯ ದಿನ ಫಾಸಿಯವರ ಮೆಚ್ಚಿನ ಡಿಜಿಟ್ ಎಂಬ ಗಂಡು, ತನ್ನ ಗುಂಪನ್ನು ಕಾಯುತ್ತ ಬೇಟೆಗಾರರ ಕೈಯಲ್ಲಿ ಸತ್ತಿತು. 1985ರ ಡಿಸೆಂಬರಿನಲ್ಲಿ ಫಾಸಿಯವರನ್ನೂ ಅವರ ಗುಡಿಸಿಲಿನಲ್ಲೇ ಯಾರೋ ಕೊಂದರು. ಅವರ ಸಮಾಧಿ ಡಿಜಿಟ್‌ನ ಪಕ್ಕದಲ್ಲಿದೆ.

ಫಾಸಿ ಪ್ರವಾಸೋದ್ಯಮವನ್ನು ವಿರೋಧಿಸಿದ್ದರು. ಆದರೆ ಅಮಿ ವೆಡರ್ ಮತ್ತು ಬಿಲ್ ವೆಬರ್ ಎಂಬ ಇಬ್ಬರು ಸಂಶೋಧಕರ ಲೆಕ್ಕ ಬೇರೆ ಇತ್ತು. ಜನದಟ್ಟಣೆ ಮತ್ತು ಬಡತನ ಎರಡೂ ಇದ್ದ ದೇಶದಲ್ಲಿ ಕಾಡು ಉಳಿಯಬೇಕಾದರೆ, ನಿಂತ ಕಾಡು ಕಡಿದ ಕಾಡಿಗಿಂತ ಹೆಚ್ಚು ಗಳಿಕೆ ತರಬೇಕು ಎಂಬುದು ಅವರ ವಾದ. 1979ರಲ್ಲಿ ರುವಾಂಡಾದಲ್ಲಿ ಆರಂಭವಾದ ಮೌಂಟನ್ ಗೊರಿಲ್ಲಾ ಪ್ರಾಜೆಕ್ಟ್ ಕಟ್ಟುನಿಟ್ಟಿನ ಮಿತಿಯಲ್ಲಿ ಪ್ರವಾಸಿಗರನ್ನು ಒಳಬಿಟ್ಟಿತು. ಉಗಾಂಡಾ 1991ರಲ್ಲಿ ಬ್ವಿಂಡಿಯನ್ನು ರಾಷ್ಟ್ರೀಯ ಉದ್ಯಾನವಾಗಿಸಿ, 1993ರಲ್ಲಿ ಅಲ್ಲಿಗೂ ಪ್ರವಾಸಿಗರನ್ನು ಕರೆಯಿತು. 1994ರಲ್ಲಿ ಬ್ವಿಂಡಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಪ್ರವಾಸಿಗೆ ಒಂದೇ ಗಂಟೆ ಕಾಣುವ ಗುಂಪಿನ ಹಿಂದೆ ಎರಡು ಮೂರು ವರ್ಷಗಳ ಕೆಲಸ ಇರುತ್ತದೆ. ಮನುಷ್ಯರ ಪರಿಚಯವಿಲ್ಲದ ಗುಂಪು ಕಾಲಸಪ್ಪಳ ಕೇಳಿದರೆ ಓಡಿಹೋಗುತ್ತದೆ, ಇಲ್ಲವೆ ಸಿಲ್ವರ್‌ಬ್ಯಾಕ್ ಅರಚುತ್ತ ಮೇಲೇರಿ ಬರುತ್ತದೆ. ಟ್ರ್ಯಾಕರ್‌ಗಳ ಚಿಕ್ಕ ತಂಡವೊಂದು ಅದೇ ಗುಂಪನ್ನು ದಿನ ಬಿಡದೆ ಹುಡುಕಿ ಹೋಗುತ್ತದೆ. ದೂರದಲ್ಲಿ ಕೂರುತ್ತದೆ, ಗಂಟಲಲ್ಲಿ ಆ ಸಮಾಧಾನದ ಸದ್ದು ಮಾಡುತ್ತದೆ, ಗಂಡು ನುಗ್ಗಿ ಬಂದರೂ ಕದಲದೆ ತಲೆತಗ್ಗಿಸುತ್ತದೆ. ಮೊದಲ ತಿಂಗಳುಗಳಲ್ಲಿ ಇಂಥ ನುಗ್ಗಾಟ ಸಾಮಾನ್ಯ. ಕಚ್ಚಿಸಿಕೊಂಡ ಟ್ರ್ಯಾಕರ್‌ಗಳೂ ಇದ್ದಾರೆ. ಈ ಮನುಷ್ಯರಿಂದ ಕೇಡೂ ಇಲ್ಲ, ತಿಂಡಿಯೂ ಸಿಗುವುದಿಲ್ಲ ಎಂಬುದು ಮನವರಿಕೆಯಾದಂತೆ ಗುಂಪು ಅವರನ್ನು ಲೆಕ್ಕಕ್ಕಿಡುವುದನ್ನು ಬಿಡುತ್ತದೆ. ತಿಂಡಿ ಕೊಡಬಾರದು ಎಂಬ ನಿಯಮವೇ ಇಲ್ಲಿ ಜೀವಾಳ. ಆಹಾರದ ಆಸೆ ಹತ್ತಿದ ಪ್ರಾಣಿ ಮನುಷ್ಯನನ್ನು ಹುಡುಕಿಕೊಂಡು ಬರುತ್ತದೆ, ಕೊಡದಿದ್ದರೆ ಕಿತ್ತುಕೊಳ್ಳುತ್ತದೆ. ದೇವಸ್ಥಾನಗಳ ಬಳಿಯ ಕೋತಿಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಒಮ್ಮೆ ಮನುಷ್ಯರಿಗೆ ಒಗ್ಗಿದ ಗುಂಪು ಬೇಟೆಗಾರನಿಗೂ ಹೆದರುವುದಿಲ್ಲವಾದ್ದರಿಂದ ಅದನ್ನು ಮುಂದೆ ಪ್ರತಿದಿನವೂ ಕಾಯಲೇಬೇಕು. ಆ ಹೊಣೆಗೆ ಕೊನೆಯಿಲ್ಲ.

ಭೇಟಿಯ ದಿನ ಶುರುವಾಗುವುದು ಬೆಳಗಿನ ಜಾವ. ಪ್ರವಾಸಿಗರು ಏಳುವ ಮುನ್ನವೇ ಟ್ರ್ಯಾಕರ್‌ಗಳು ಹಿಂದಿನ ದಿನ ಗುಂಪನ್ನು ಬಿಟ್ಟು ಬಂದ ಜಾಗಕ್ಕೆ ಹೋಗಿ, ರಾತ್ರಿಯ ಹಾಸಿಗೆಗಳನ್ನು ಕಂಡು, ತುಳಿದ ಸೊಪ್ಪು, ಜಗಿದು ಬಿಟ್ಟ ದಂಟು, ಲದ್ದಿ ಇವುಗಳ ಜಾಡು ಹಿಡಿಯುತ್ತಾರೆ. ಸಿಕ್ಕ ಸುದ್ದಿಯನ್ನು ರೇಡಿಯೊದಲ್ಲಿ ಗೈಡ್‌ಗಳಿಗೆ ತಿಳಿಸುತ್ತಾರೆ. ಇತ್ತ ರುವಾಂಡಾದ ಕಿನಿಗಿಯಲ್ಲೋ ಬ್ವಿಂಡಿಯ ಬುಹೋಮಾ, ರುಹಿಜಾ, ರುಶಾಗಾ, ನ್ಕುರಿಂಗೊ ಠಾಣೆಗಳಲ್ಲೋ ಪ್ರವಾಸಿಗರನ್ನು ಎಂಟೆಂಟು ಜನರ ತಂಡಗಳಾಗಿ ವಿಂಗಡಿಸುತ್ತಾರೆ. ಒಂದು ಗುಂಪಿಗೆ ದಿನಕ್ಕೆ ಒಂದೇ ತಂಡ. ಹದಿನೈದು ವರ್ಷ ತುಂಬದವರಿಗೆ ಪ್ರವೇಶವಿಲ್ಲ. ನೆಗಡಿ, ಕೆಮ್ಮು, ಜ್ವರ ಇದ್ದವರನ್ನು ಅಲ್ಲಿಯೇ ನಿಲ್ಲಿಸುತ್ತಾರೆ.

ನಡಿಗೆ ಅರ್ಧ ಗಂಟೆಯೂ ಆಗಬಹುದು, ಆರು ಗಂಟೆಯೂ ಆಗಬಹುದು. ಗೊರಿಲ್ಲಾ ಎಲ್ಲಿದೆಯೋ ಅಲ್ಲಿಯವರೆಗೆ. ಮುಂದೆ ಹೋಗುವವರು ಮಚ್ಚಿನಿಂದ ಬಳ್ಳಿ ಸವರುತ್ತಾರೆ. ಕಾಲಡಿ ಸಿಗುವುದು ನೆಲವಲ್ಲ, ಬಳ್ಳಿಗಳ ಹೆಣಿಗೆ. ಎಲ್ಲಿ ಊರಿದರೆ ಕಾಲು ಹೂತುಹೋಗುತ್ತದೋ ತಿಳಿಯದು. ತುರಚೆಯಿಂದ ಕೈ ಉಳಿಸಿಕೊಳ್ಳಲು ದಪ್ಪ ಕೈಗವಸು ಬೇಕು. ಕೋವಿ ಹಿಡಿದ ಕಾವಲುಗಾರರೂ ಜೊತೆಗಿರುತ್ತಾರೆ. ಅದು ಗೊರಿಲ್ಲಾಗಾಗಿ ಅಲ್ಲ. ಎದುರಾಗಬಹುದಾದ ಕಾಡಾನೆ, ಕಾಡೆಮ್ಮೆಗಳನ್ನು ಗಾಳಿಯಲ್ಲಿ ಗುಂಡು ಹಾರಿಸಿ ಓಡಿಸುವುದಕ್ಕೆ. ಸಾಮಾನು ಹೊರಲು ಪಕ್ಕದ ಹಳ್ಳಿಗಳ ಕೂಲಿಗಳು ಬರುತ್ತಾರೆ. ಅವರಲ್ಲಿ ಹಿಂದೆ ಇದೇ ಕಾಡಿನಲ್ಲಿ ಕಳ್ಳಬೇಟೆ ಆಡುತ್ತಿದ್ದವರೂ ಉಂಟು. ಹೊರೆ ಹೊರಲು ಶಕ್ತಿಯಿದ್ದವರು ಕೂಡ ಒಬ್ಬರನ್ನು ನೇಮಿಸಿಕೊಳ್ಳುವುದು ಒಳ್ಳೆಯದು. ಈ ಭೇಟಿಗೆ ಪ್ರವಾಸಿಗರು ತೆರುವ ಪರ್ಮಿಟ್ಟಿನ ಹಣ ತಲುಪಲು ವರ್ಷವಾಗಬಹುದಾದ ಮನೆಗೆ ಈ ಕೂಲಿ ಅದೇ ಸಂಜೆ ತಲುಪುತ್ತದೆ.

ಗೊರಿಲ್ಲಾಗಳ ಹತ್ತಿರ ಬಂದಾಗ ಚೀಲ, ಊರುಗೋಲು, ತಿಂಡಿ ಎಲ್ಲವನ್ನೂ ಹಿಂದೆ ಬಿಟ್ಟು, ಮಾಸ್ಕ್ ಧರಿಸಿ, ಕ್ಯಾಮೆರಾದ ಫ್ಲ್ಯಾಶ್ ಆರಿಸಬೇಕು. ಆಮೇಲೆ ಒಂದೇ ಗಂಟೆ. ಅನೇಕ ಬಾರಿ ಮೊದಲು ತಿಳಿಯುವುದು ವಾಸನೆ, ಬೆವರಿನಂಥ ಒಗರು ಘಾಟು. ನಂತರ ದಂಟು ಮುರಿಯುವ ಸದ್ದು. ಗೈಡ್ ಗಂಟಲಲ್ಲಿ ಗುರುಗುಟ್ಟಿ ತಾವು ಬಂದದ್ದನ್ನು ತಿಳಿಸುತ್ತಾನೆ, ಪೊದೆಯೊಳಗಿಂದ ಅದೇ ಸದ್ದಿನ ಉತ್ತರ ಬರುತ್ತದೆ. ಮಧ್ಯಾಹ್ನದ ವಿಶ್ರಾಂತಿಯ ಹೊತ್ತಾದರೆ ಇಡೀ ಕುಟುಂಬ ಒಂದೆಡೆ ಇರುತ್ತದೆ. ಸಿಲ್ವರ್‌ಬ್ಯಾಕ್ ಮೈಚೆಲ್ಲಿ ಮಲಗಿದ್ದರೆ ಹೆಣ್ಣುಗಳು ಮರಿಗಳ ಕೂದಲು ಬಿಡಿಸಿ ಹೇನು ಕಸ ತೆಗೆಯುತ್ತವೆ. ಮರಿಗಳು ಬಳ್ಳಿಗೆ ಜೋತು, ಬಿದ್ದು, ಎದ್ದು, ಪುಟ್ಟ ಕೈಗಳಿಂದ ಎದೆ ಬಡಿದುಕೊಳ್ಳುತ್ತವೆ. ಪ್ರತಿ ಗೊರಿಲ್ಲಾದ ಮೂಗಿನ ಮೇಲಿನ ಗೆರೆಗಳು ಬೇರೆ ಬೇರೆ. ಆ ಗೆರೆಗಳ ಮೇಲಿಂದಲೇ ಟ್ರ್ಯಾಕರ್‌ಗಳು ಒಂದೊಂದನ್ನೂ ಹೆಸರು ಹಿಡಿದು ಗುರುತಿಸುತ್ತಾರೆ.

ಎದೆ ಝಲ್ಲೆನಿಸುವ ಗಳಿಗೆಗಳೂ ಬರುತ್ತವೆ. ಸಿಲ್ವರ್‌ಬ್ಯಾಕ್ ಎದ್ದು ನಿಂತು ಬೊಗಸೆ ಮಾಡಿದ ಅಂಗೈಗಳಿಂದ ಎದೆ ಬಡಿದರೆ ಆ ಸದ್ದು ಒಂದು ಕಿಲೋಮೀಟರ್ ದೂರಕ್ಕೂ ಕೇಳಿಸುತ್ತದೆ. ಗಂಟಲಿನ ಬಳಿಯ ಗಾಳಿಚೀಲಗಳು ಅದಕ್ಕೆ ಅನುರಣನ ಕೊಡುತ್ತವೆಂದು ನಂಬಲಾಗಿದೆ. ದೊಡ್ಡ ಮೈಯ ಗಂಡಿನ ಬಡಿತಕ್ಕೆ ಕಡಿಮೆ ಕಂಪನಾಂಕದ ನಾದವಿರುತ್ತದೆ ಎಂದು ರುವಾಂಡಾದ ಗೊರಿಲ್ಲಾಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅಂದರೆ ಕಾದಾಟಕ್ಕೆ ಇಳಿಯದೆಯೇ ಎದುರಾಳಿಗೆ ತನ್ನ ಗಾತ್ರ ಎಷ್ಟೆಂದು ತಿಳಿಸುವ ಉಪಾಯ ಇದು. ಕೆಲವೊಮ್ಮೆ ಗಂಡು ಗಿಡ ಕಿತ್ತೆಸೆದು, ಅರಚಿ, ನೇರವಾಗಿ ನುಗ್ಗಿ ಬಂದು ಕೆಲವೇ ಅಡಿ ದೂರದಲ್ಲಿ ನಿಂತುಬಿಡುತ್ತದೆ. ಹೆದರಿಸಿ ಹಿಂದಟ್ಟುವುದು ಅದರ ಉದ್ದೇಶ. ಓಡಿದವನನ್ನು ಅದು ಬೆನ್ನಟ್ಟಬಹುದು. ಕೂತಲ್ಲೇ ಕುಗ್ಗಿ, ನೆಲ ನೋಡುತ್ತ, ಎಲೆ ಕಿತ್ತು ತಿನ್ನುವಂತೆ ನಟಿಸಿದರೆ ಅದಕ್ಕೆ ಗೆದ್ದಂತಾಗುತ್ತದೆ. ಗೈಡ್‌ಗಳು ಹೊರಡುವ ಮುನ್ನ ಇದನ್ನು ಎರಡೆರಡು ಸಲ ಹೇಳುತ್ತಾರೆ, ಏಕೆಂದರೆ ಆ ಗಳಿಗೆಯಲ್ಲಿ ಓಡಬೇಡ ಎಂಬ ಮಾತನ್ನು ಕಾಲುಗಳು ಕೇಳುವುದು ಕಷ್ಟ.

ಗೊರಿಲ್ಲಾಗಳೇ ಮನುಷ್ಯನ ಬಳಿಗೆ ಬಂದ ಪ್ರಸಂಗಗಳೂ ಇವೆ. 2011ರ ಡಿಸೆಂಬರಿನ ಒಂದು ಬೆಳಗ್ಗೆ ಬ್ವಿಂಡಿಯ ಪ್ರವಾಸಿ ಶಿಬಿರವೊಂದರೊಳಕ್ಕೆ ಒಂದು ಕುಟುಂಬ ನಡೆದು ಬಂತು. ದಾರಿಬದಿಯಲ್ಲಿ ಕುಳಿತಿದ್ದ ಅಮೆರಿಕದ ಛಾಯಾಗ್ರಾಹಕರೊಬ್ಬರ ಸುತ್ತ ಮರಿಗಳು ನೆರೆದು ಅವರ ತಲೆಗೂದಲನ್ನು ಮೂಸಿ ಬಿಡಿಸಿ ನೋಡಿದವು. ಸಿಲ್ವರ್‌ಬ್ಯಾಕ್ ಅವರ ಬೆನ್ನ ಹಿಂದೆಯೇ ಬಂದು ಕುಳಿತಿತು. ಅವರು ಮೊಣಕಾಲು ಅಪ್ಪಿ, ತಲೆ ಬಾಗಿಸಿ, ಮಿಸುಕದೆ ಕುಳಿತೇ ಇದ್ದರು. ಗುಂಪು ತನ್ನಷ್ಟಕ್ಕೆ ತಾನು ಎದ್ದು ಹೋಯಿತು. ಆ ದೃಶ್ಯದ ವಿಡಿಯೊ ಜಗತ್ತಿನಾದ್ಯಂತ ಹರಡಿತು. ಅದನ್ನು ನೋಡಿದವರಿಗೆಲ್ಲ ಅಂಥದೇ ಸ್ಪರ್ಶ ತಮಗೂ ಸಿಗಲಿ ಎನ್ನಿಸಿದ್ದು ಸಹಜ. ಪಶುವೈದ್ಯರಿಗೆ ಆತಂಕ ಹುಟ್ಟಿಸುವುದೂ ಇದೇ ಆಸೆ.

ಗೊರಿಲ್ಲಾ ಮತ್ತು ಮನುಷ್ಯರ ಜೀನ್‌ಗಳು ಸುಮಾರು ಶೇಕಡ 98ರಷ್ಟು ಒಂದೇ. ಹಾಗಾಗಿ ಮನುಷ್ಯರ ಅನೇಕ ಸೋಂಕುಗಳು ಅದಕ್ಕೂ ತಗಲುತ್ತವೆ, ಆದರೆ ಅವುಗಳನ್ನು ಎದುರಿಸಿದ ಅನುಭವ ಅದರ ಮೈಗಿಲ್ಲ. ನಮ್ಮನ್ನು ಮೂರು ದಿನ ಮಲಗಿಸುವ ನೆಗಡಿ ಅಲ್ಲಿ ಪ್ರಾಣ ತೆಗೆಯಬಹುದು. 1996ರಲ್ಲಿ ಬ್ವಿಂಡಿಯ ಒಂದು ಗುಂಪಿಗೆ ಕಜ್ಜಿ ಹತ್ತಿ ಮರಿಯೊಂದು ಸತ್ತಿತು. ಹೊಲಗಳಿಗೆ ಬಂದಾಗ ಬೆದರುಗೊಂಬೆಗೆ ತೊಡಿಸಿದ್ದ ಹಳೆಯ ಬಟ್ಟೆಗಳಿಂದ ಅದು ತಗಲಿರಬಹುದೆಂದು ಅಂದಾಜಿಸಲಾಯಿತು. ಆಗ ಚಿಕಿತ್ಸೆ ನೀಡಿದ ಉಗಾಂಡಾದ ಪಶುವೈದ್ಯೆ ಗ್ಲಾಡಿಸ್ ಕಲೆಮಾ-ಜಿಕುಸೋಕಾ ಈ ಘಟನೆಯಿಂದ ಕಂಡುಕೊಂಡ ಸತ್ಯ ಸರಳವಾಗಿತ್ತು: ಕಾಡಂಚಿನ ಜನರಿಗೆ ಆರೋಗ್ಯ ಸೇವೆ ಸಿಗದೆ ಗೊರಿಲ್ಲಾಗಳ ಆರೋಗ್ಯ ಉಳಿಯದು. 2003ರಲ್ಲಿ ಅವರು ಸ್ಥಾಪಿಸಿದ ‘ಕನ್ಸರ್ವೇಶನ್ ತ್ರೂ ಪಬ್ಲಿಕ್ ಹೆಲ್ತ್’ ಸಂಸ್ಥೆ ಜನರನ್ನೂ ಗೊರಿಲ್ಲಾಗಳನ್ನೂ ಒಟ್ಟಿಗೆ ನೋಡಿಕೊಳ್ಳುತ್ತದೆ. 2009ರಲ್ಲಿ ರುವಾಂಡಾದ ಹಿರ್ವಾ ಗುಂಪಿನಲ್ಲಿ ಉಸಿರಾಟದ ಕಾಯಿಲೆ ಹರಡಿ ಒಂದು ಪ್ರಾಯದ ಹೆಣ್ಣು ಮತ್ತು ಒಂದು ಹಸುಗೂಸು ಸತ್ತವು. ಪರೀಕ್ಷೆಯಲ್ಲಿ ಸಿಕ್ಕಿದ್ದು ಮನುಷ್ಯರಲ್ಲಿ ನೆಗಡಿ ಕೆಮ್ಮು ತರುವ ಮೆಟಾನ್ಯುಮೊ ವೈರಸ್. 2021ರ ಜನವರಿಯಲ್ಲಿ ಅಮೆರಿಕದ ಸ್ಯಾನ್ ಡಿಯೆಗೊದ ಸಫಾರಿ ಪಾರ್ಕಿನ ಗೊರಿಲ್ಲಾಗಳಿಗೆ ಕೋವಿಡ್ ತಗಲಿದಾಗ ಆಫ್ರಿಕಾದ ಕಾಡುಗಳಲ್ಲಿ ಕೆಲಸ ಮಾಡುವವರ ನಿದ್ದೆ ಹಾರಿತು.

ಅಂತರದ ನಿಯಮ ಇರುವುದು ಇದಕ್ಕಾಗಿ. ಬಹುಕಾಲ ಏಳು ಮೀಟರ್ ಇದ್ದ ಅಂತರವನ್ನು ಕೋವಿಡ್ ಬಳಿಕ ಹತ್ತು ಮೀಟರಿಗೆ ಏರಿಸಿ ಮಾಸ್ಕ್ ಕಡ್ಡಾಯ ಮಾಡಿದರು. ನಿಯಮ ಇದ್ದ ಮಾತ್ರಕ್ಕೆ ಪಾಲನೆಯಾಗುತ್ತದೆ ಎನ್ನುವಂತಿಲ್ಲ. ಬ್ವಿಂಡಿಯ ಪ್ರವಾಸಗಳನ್ನು ಗಮನಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಹೆಚ್ಚುಕಡಿಮೆ ಎಲ್ಲ ಭೇಟಿಗಳಲ್ಲೂ ಆಗಿನ ಏಳು ಮೀಟರ್ ಗಡಿ ಮುರಿದುಬಿದ್ದಿತ್ತು. ದಟ್ಟ ಪೊದೆಯಲ್ಲಿ ಅಷ್ಟು ದೂರ ನಿಂತರೆ ಏನೂ ಕಾಣದಿರುವುದು ಒಂದು ಕಾರಣ, ಕುತೂಹಲದಿಂದ ಮರಿಗಳೇ ಹತ್ತಿರ ಬರುವುದು ಇನ್ನೊಂದು. ಆದರೆ ಇನ್ನಷ್ಟು ಹತ್ತಿರದ ಫೋಟೊ ಬೇಕೆಂಬ ಪ್ರವಾಸಿಯ ಹಂಬಲವನ್ನೂ, ಅವನನ್ನು ಮೆಚ್ಚಿಸಿ ಭಕ್ಷೀಸು ಪಡೆಯಬೇಕೆಂಬ ಗೈಡ್‌ನ ಆಸೆಯನ್ನೂ ಈ ಲೆಕ್ಕದಿಂದ ಬಿಡಲಾಗದು. ಮರಿ ಮುಂದೆ ಬಂದರೆ ಮನುಷ್ಯ ಹಿಂದೆ ಸರಿಯಬೇಕು. ಈ ಭೇಟಿಯಲ್ಲಿ ಪ್ರವಾಸಿ ತೋರಬಹುದಾದ ದೊಡ್ಡ ಪ್ರೀತಿ ಅದೇ.

ಪ್ರವಾಸೋದ್ಯಮದಿಂದ ಇಷ್ಟು ಅಪಾಯವಿದ್ದರೂ ಅದನ್ನು ನಿಲ್ಲಿಸದಿರಲು ಕಾರಣ ಅದರ ಫಲ. ರುವಾಂಡಾದಲ್ಲಿ ಪರ್ಮಿಟ್ಟಿನ ದರ 2017ರಿಂದ 1,500 ಡಾಲರ್. ಒಂದು ಗುಂಪಿನ ಜೊತೆ ಒಂದು ಗಂಟೆ ಕಳೆಯಲು ಎಂಟು ಜನ ತೆರುವ ಹಣ 12,000 ಡಾಲರ್. ಈ ಹಣದಿಂದ ಕಾವಲುಗಾರರ ಸಂಬಳ ನಡೆಯುತ್ತದೆ, ಆದಾಯದ ಒಂದು ಪಾಲು ಕಾಡಂಚಿನ ಊರುಗಳ ಶಾಲೆ, ಆಸ್ಪತ್ರೆ, ನೀರಿಗೆ ಹೋಗುತ್ತದೆ. ಉರುಳಿಗೆ ಸಿಕ್ಕ ಗೊರಿಲ್ಲಾಗೆ ಅರಿವಳಿಕೆ ಕೊಟ್ಟು ತಂತಿ ಬಿಡಿಸುವ ‘ಗೊರಿಲ್ಲಾ ಡಾಕ್ಟರ್ಸ್’ ವೈದ್ಯರ ತಂಡವೂ ಇದೆ. ವಿರುಂಗಾದ ಹಲವು ದಶಕಗಳ ಲೆಕ್ಕ ನೋಡಿದ ಸಂಶೋಧಕರಿಗೆ ಕಂಡದ್ದು, ಮನುಷ್ಯರಿಗೆ ಒಗ್ಗಿದ, ದಿನವೂ ಕಾವಲು ಮತ್ತು ಚಿಕಿತ್ಸೆ ಸಿಗುವ ಗುಂಪುಗಳು ವರ್ಷಕ್ಕೆ ಸುಮಾರು ಶೇಕಡ 4ರಂತೆ ಬೆಳೆದಿದ್ದವು, ಒಗ್ಗದ ಗುಂಪುಗಳು ಕುಗ್ಗಿದ್ದವು. ಇತ್ತೀಚಿನ ಎಣಿಕೆಗಳ ಪ್ರಕಾರ ವಿರುಂಗಾದಲ್ಲಿ 604, ಬ್ವಿಂಡಿ ಭಾಗದಲ್ಲಿ 459, ಒಟ್ಟು 1,063 ಬೆಟ್ಟದ ಗೊರಿಲ್ಲಾಗಳಿವೆ. 2018ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಇವುಗಳನ್ನು ‘ತೀವ್ರ ಅಪಾಯದಲ್ಲಿರುವ’ ವರ್ಗದಿಂದ ಒಂದು ಮೆಟ್ಟಿಲು ಇಳಿಸಿ ‘ಅಪಾಯದಲ್ಲಿರುವ’ ವರ್ಗಕ್ಕೆ ತಂದಿತು. ದೊಡ್ಡ ವಾನರಗಳ ಸಂಖ್ಯೆ ಎಲ್ಲೆಡೆ ಇಳಿಯುತ್ತಿರುವಾಗ ಏರುತ್ತಿರುವುದು ಇದೊಂದೇ.

ಈ ಗೆಲುವಿಗೆ ತೆತ್ತ ಬೆಲೆಯನ್ನು ಮರೆಯುವಂತಿಲ್ಲ. ಬ್ವಿಂಡಿ ರಾಷ್ಟ್ರೀಯ ಉದ್ಯಾನವಾದಾಗ ತಲೆತಲಾಂತರದಿಂದ ಆ ಕಾಡಿನಲ್ಲಿ ಬದುಕಿದ್ದ ಬಟ್ವಾ ಜನರನ್ನು ಹೊರಹಾಕಲಾಯಿತು. ಜಮೀನಿನ ಪತ್ರವಿಲ್ಲದ ಅವರಿಗೆ ಪರಿಹಾರವೂ ದಕ್ಕಲಿಲ್ಲ. ಇಂದು ಅವರಲ್ಲಿ ಕೆಲವರು ಪ್ರವಾಸಿಗರಿಗೆ ತಮ್ಮ ಹಳೆಯ ಬದುಕಿನ ಬಗೆಯನ್ನು ತೋರಿಸಿ ದುಡಿಯುತ್ತಾರೆ, ಬಹುಪಾಲು ಜನ ಕಡುಬಡತನದಲ್ಲಿದ್ದಾರೆ. ಗೊರಿಲ್ಲಾ ಹಣದಲ್ಲಿ ಮೊದಲ ಹಕ್ಕು ಯಾರದೆಂದು ಕೇಳಿದರೆ ಅವರದೇ ಎನ್ನಬೇಕು. ಕಾಂಗೋದಲ್ಲಿ ವಿರುಂಗಾ ಉದ್ಯಾನವನ್ನು ಕಾಯುತ್ತ 200ಕ್ಕೂ ಹೆಚ್ಚು ರೇಂಜರ್‌ಗಳು ಪ್ರಾಣ ಕೊಟ್ಟಿದ್ದಾರೆ. 2007ರ ಜುಲೈನಲ್ಲಿ ಅಲ್ಲಿ ಸೆಂಕ್ವೆಕ್ವೆ ಎಂಬ ಸಿಲ್ವರ್‌ಬ್ಯಾಕ್ ಮತ್ತು ಅದರ ಕುಟುಂಬದ ಹೆಣ್ಣುಗಳನ್ನು ಗುಂಡಿಟ್ಟು ಕೊಂದರು; ಅಕ್ರಮ ಇದ್ದಿಲು ದಂಧೆಯ ನೆರಳು ಆ ಕೃತ್ಯದ ಮೇಲಿತ್ತು. 2020ರ ಜೂನ್‌ನಲ್ಲಿ, ಕೋವಿಡ್‌ನಿಂದ ಪ್ರವಾಸ ನಿಂತು ಕೂಲಿಯಿಲ್ಲದ ದಿನಗಳಲ್ಲಿ, ಬ್ವಿಂಡಿಯ ರಫಿಕಿ ಎಂಬ ಪ್ರಸಿದ್ಧ ಗಂಡು ಬೇಟೆಗಾರನ ಈಟಿಗೆ ಬಲಿಯಾಯಿತು. ಕೊಂದವನಿಗೆ 11 ವರ್ಷ ಶಿಕ್ಷೆಯಾಯಿತು. ಪ್ರವಾಸಿಗರ ಪಾಲಿಗೂ ಈ ಕಾಡುಗಳಲ್ಲಿ ಅತಿ ಘೋರ ಘಟನೆ ನಡೆದದ್ದು ಮನುಷ್ಯರಿಂದ. 1999ರ ಮಾರ್ಚ್‌ನಲ್ಲಿ ಗಡಿಯಾಚೆಯಿಂದ ಬಂದ ಸಶಸ್ತ್ರ ಬಂಡುಕೋರರು ಬುಹೋಮಾದ ಶಿಬಿರಗಳಿಗೆ ನುಗ್ಗಿ ಎಂಟು ವಿದೇಶಿ ಪ್ರವಾಸಿಗರನ್ನು ಕೊಂದರು. ಅಂದಿನಿಂದ ಉಗಾಂಡಾ ಅಲ್ಲಿ ಭದ್ರತೆ ಬಿಗಿಗೊಳಿಸಿದೆ. ಕಾಂಗೋ ಭಾಗದಲ್ಲಿ ಯುದ್ಧದಿಂದಾಗಿ ಪ್ರವಾಸ ಪದೇಪದೇ ನಿಲ್ಲುತ್ತಲೇ ಇದೆ.

ಭಾರತದಿಂದ ಹೋಗುವವರು ರುವಾಂಡಾದ ಕಿಗಾಲಿ ಇಲ್ಲವೆ ಉಗಾಂಡಾದ ಎಂಟೆಬೆ ವಿಮಾನ ನಿಲ್ದಾಣದಲ್ಲಿ ಇಳಿಯುತ್ತಾರೆ. ಕಿಗಾಲಿಯಿಂದ ಕಿನಿಗಿಗೆ ರಸ್ತೆಯಲ್ಲಿ ಎರಡೂವರೆ ಮೂರು ಗಂಟೆ. ಎಂಟೆಬೆಯಿಂದ ಬ್ವಿಂಡಿಗೆ ಇಡೀ ದಿನದ ಪ್ರಯಾಣ. ಉಗಾಂಡಾದ ಪರ್ಮಿಟ್ ವಿದೇಶಿಯರಿಗೆ 800 ಡಾಲರ್. ದಿನದ ಜಾಗಗಳು ಎಣಿಕೆಯವು ಆದ್ದರಿಂದ ತಿಂಗಳುಗಳ ಮೊದಲೇ ಕಾಯ್ದಿರಿಸಬೇಕು. ಹೊರಡುವುದಕ್ಕೆ ಕನಿಷ್ಠ ಹತ್ತು ದಿನ ಮೊದಲು ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡು ಪ್ರಮಾಣಪತ್ರ ಜೊತೆಗಿಟ್ಟುಕೊಳ್ಳಬೇಕು. ಅದಿಲ್ಲದೆ ಈ ದೇಶಗಳಿಂದ ಮರಳಿ ಬಂದವರನ್ನು ಭಾರತದ ವಿಮಾನ ನಿಲ್ದಾಣದಲ್ಲಿ ಪ್ರತ್ಯೇಕವಾಸಕ್ಕೆ ಕಳುಹಿಸಬಹುದು. ಮಲೇರಿಯಾ ತಡೆಯುವ ಮಾತ್ರೆಗಳ ಬಗ್ಗೆಯೂ ವೈದ್ಯರನ್ನು ಕೇಳಬೇಕು. ಜೂನ್‌ನಿಂದ ಸೆಪ್ಟೆಂಬರ್, ಡಿಸೆಂಬರ್‌ನಿಂದ ಫೆಬ್ರವರಿ, ಈ ತಿಂಗಳುಗಳಲ್ಲಿ ಮಳೆ ಕಡಿಮೆ, ದಾರಿ ಅಷ್ಟಾಗಿ ಜಾರುವುದಿಲ್ಲ. ಮಳೆಗಾಲದಲ್ಲಿ ಹೋದವರಿಗೆ ಕೆಸರಿನ ಕಷ್ಟವಿದ್ದರೂ, ಕಳಲೆ ಚಿಗುರುವ ಆ ದಿನಗಳಲ್ಲಿ ರುವಾಂಡಾದ ಗೊರಿಲ್ಲಾಗಳು ಬಿದಿರು ಮೆಳೆಗಳಿರುವ ಕೆಳಗಿನ ಇಳಿಜಾರಿಗೆ ಇಳಿದು ಬರುತ್ತವೆ, ನಡಿಗೆ ಹತ್ತಿರವಾಗುತ್ತದೆ.